ನೀರಿನೊಳಗಿನ ಉಸಿರು

(ರೇಡಿಯೋ ಭಾಷಣ)



ನೀರಿನಿಂದ ಹೊರತೆಗೆದ ಮೀನಿನಂತೆ ಚಡಪಡಿಸಿದನು ಎಂಬ ಮಾತನ್ನು ನಾವೆಲ್ಲರೂ ಆಡಿದ್ದೇವೆ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದ ನಾನು ಈ ಮಾತನ್ನು ಕರಿಹಲಗೆಯ ಮೇಲೆ ಬರೆದು, ಇದು ಉಪಮೇಯ, ಇದು ಉಪಮಾನ, ಇದು ಸಾಧಾರಣ ಧರ್ಮ ಎಂದು ಗೆರೆ ಎಳೆದು ತೋರಿಸಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ನೀರು ಎಂದರೆ ಮೀನಿಗೆ ಕ್ಷೇಮ, ನೀರಿಲ್ಲದಿದ್ದರೆ ಸಾವು. ಉಪಮೆ ಅಷ್ಟರಲ್ಲಿ ಮುಗಿಯುತ್ತದೆ. ಆದರೆ ತುಂಬಿದ ನೀರಿನೊಳಗೇ ಇದ್ದು ಉಸಿರು ಕಟ್ಟಿ ಸಾಯುವ ಮೀನೂ ಉಂಟು. ಅದಕ್ಕೆ ನಾನು ಬಲ್ಲ ಗಾದೆಗಳಲ್ಲಿ ಒಂದು ಗಾದೆಯೂ ಇಲ್ಲ. ಆ ಸಾವನ್ನು ನಾನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ತಿಕೋಟಾ ತಾಲೂಕಿನ ಘೋಣಸಗಿಯಲ್ಲಿ. ಅದರ ಹಿಂದಿನ ಕಾರಣವನ್ನೂ, ಅದರಿಂದ ನಾನು ಕಲಿತ ಪಾಠವನ್ನೂ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಘೋಣಸಗಿ ನನ್ನ ಅಕ್ಕನನ್ನು ಕೊಟ್ಟ ಊರು. ವಿಜಯಪುರದಿಂದ ಪಡುವಣಕ್ಕೆ ತಿಕೋಟಾದ ಕಡೆಗೆ ಹೋದರೆ ನೆಲದ ಬಣ್ಣವೂ ಜನದ ಮಾತೂ ಮೆಲ್ಲಗೆ ಬದಲಾಗುತ್ತ ಹೋಗುತ್ತವೆ. ಆಚೆ ಮಹಾರಾಷ್ಟ್ರದ ಜತ್ತ ಸೀಮೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ನಂಬಿಕೆಗೆ ಅರ್ಹವಲ್ಲ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುವ ಜಿಲ್ಲೆಯೇ ಇದಾದರೂ, ಡೋಣಿ ಹರಿಯದ ವರ್ಷಗಳ ಕಥೆಯೇ ನಮ್ಮ ಹಿರಿಯರ ಬಾಯಲ್ಲಿ ಹೆಚ್ಚಾಗಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮ ಈ ಸೀಮೆಯನ್ನು ಬರಿದು ಮಾಡಿತೆಂದು ಚರಿತ್ರೆ ಹೇಳುತ್ತದೆ. 1972ರ ಬರವನ್ನು ನಾನೇ ಹುಡುಗನಾಗಿ ಕಂಡಿದ್ದೇನೆ. ಇಂಥ ನೆಲದಲ್ಲಿ ಜನ ದ್ರಾಕ್ಷಿ ಬೆಳೆದರು. ಬೇಸಗೆಯಲ್ಲಿ ಟ್ಯಾಂಕರಿನ ನೀರನ್ನು ದುಡ್ಡು ಕೊಟ್ಟು ತಂದು ಬಳ್ಳಿ ಉಳಿಸಿದರು. ಆ ಕಷ್ಟದಿಂದ ಪಾಠ ಕಲಿತು, ಹೊಲದ ಎತ್ತರದ ಮೂಲೆಯಲ್ಲಿ ನೆಲ ಅಗೆದು, ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಕೃಷಿಹೊಂಡ ಕಟ್ಟಿಕೊಂಡರು. 2014ರ ಬಳಿಕ ಸರಕಾರದ ಕೃಷಿಭಾಗ್ಯ ಯೋಜನೆ ಇಂಥ ಹೊಂಡಗಳಿಗೆ ನೆರವಾಯಿತು. ಮುಂದೆ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಈ ಎತ್ತರದ ಸೀಮೆಯ ಕಡೆಗೆ ಏರಿ ಬಂದಿತು. ನೀರನ್ನು ಕನಸಿನಲ್ಲಿ ಕಾಣುತ್ತಿದ್ದ ನೆಲದಲ್ಲಿ ಈಗ ದಿನ್ನೆಯ ಮೇಲೆ ನಿಂತು ನೋಡಿದರೆ ದ್ರಾಕ್ಷಿಪಡಗಳ ನಡುವೆ ಚೌಕ ಚೌಕವಾಗಿ ನೀರು ಹೊಳೆಯುತ್ತದೆ.

ಅಕ್ಕನ ಮಗನ ಹೊಂಡವೂ ಅಂಥದೇ. ಮೇಲ್ಭಾಗದಲ್ಲಿ ನೂರು ಅಡಿ ಉದ್ದ, ನೂರು ಅಡಿ ಅಗಲ, ನಡುವೆ ಹದಿನೈದು ಅಡಿ ಆಳ. ಇಳಿಜಾರಿನ ಬದಿಗಳನ್ನು ಕಳೆದರೆ ತುಂಬಿದಾಗ ಸುಮಾರು 30 ಲಕ್ಷ ಲೀಟರ್ ನೀರು. ಬಳ್ಳಿಗೆ ಕೂಡಿಟ್ಟ ನೀರು ಸುಮ್ಮನೆ ನಿಂತಿರುತ್ತದಲ್ಲ, ಅದರಲ್ಲಿ ಮೀನು ಬಿಟ್ಟರೆ ಏನು ಕಷ್ಟ ಎಂದು ಅವನ ಎಣಿಕೆ. ಕಾಟ್ಲಾ, ರೋಹು, ಮೃಗಾಲ ಜಾತಿಯ 3000 ಮರಿಗಳನ್ನು ತಂದು ಬಿಟ್ಟನು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಒಂದೇ ಮನೆಯ ಮೂರು ಅಂತಸ್ತಿನಲ್ಲಿ ಮೂವರು ಬಾಡಿಗೆದಾರರಿದ್ದಂತೆ.

ಅಕ್ಕನ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಲಿಂಗಪೂಜೆ ಮಾಡಿ ಉಣ್ಣುವ ಮನೆ. ಮಗ ಮೀನು ಸಾಕುತ್ತೇನೆಂದಾಗ ಎಪ್ಪತ್ತು ದಾಟಿದ ನನ್ನ ಅಕ್ಕ ಮೂರು ದಿನ ಮಾತು ಬಿಟ್ಟಿದ್ದಳಂತೆ. ನಾಲ್ಕನೆಯ ದಿನ ತಾನೇ ಹೊಂಡದ ಒಡ್ಡಿನ ಮೇಲೆ ಹೋಗಿ ಕುಳಿತು, "ತಿನ್ನೂದು ಬಿಡೂದು ಕೊಂಡವರ ಮಾತು. ಸಾಕೂದು ನಮ್ಮ ಮಾತು. ಸಾಕಿದ ಮ್ಯಾಲೆ ನೆಟ್ಟಗ ಸಾಕು" ಎಂದಳಂತೆ. ಅಂದಿನಿಂದ ಶೇಂಗಾ ಹಿಂಡಿಯನ್ನೂ ಅಕ್ಕಿ ತೌಡನ್ನೂ ನೆನೆಯಿಟ್ಟು ಉಂಡೆ ಮಾಡಿ ಹಾಕುವ ಕೆಲಸ ಅವಳದೇ ಆಯಿತು. ದನಕ್ಕೆ ಕೈತುಂಬ ಹಾಕಿ ರೂಢಿಯಾದ ಕೈ. ಮೀನಿಗೂ ಹಾಗೆಯೇ ಹಾಕಿತು. ಮಗನು ಹಸಿರು ಹೆಚ್ಚಲೆಂದು ಆಗಾಗ ಸಗಣಿಯನ್ನೂ ಕಲಸಿ ಬಿಡುತ್ತಿದ್ದನು. ನೀರು ಗಾಢವಾಗಿ, ಪಚ್ಚೆಯ ಬಣ್ಣಕ್ಕೆ ತಿರುಗಿತು. ಅದು ಸಮೃದ್ಧಿಯ ಬಣ್ಣವೆಂದೇ ಎಲ್ಲರೂ ತಿಳಿದರು.

ಒಂದು ವರ್ಷ ಜೂನ್ ಮೊದಲ ವಾರದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಮಿರಗ ಹತ್ತಿರ ಬಂದಿತ್ತು. ಎರಡು ದಿನದಿಂದ ಮೋಡ ಕವಿದು, ಗಾಳಿ ಬಿದ್ದು, ಧಗೆ ಮಾತ್ರ ಕೂತಿತ್ತು. ನಸುಕಿನಲ್ಲಿ ಎದ್ದು ಹೊಂಡದ ಕಡೆ ಹೋದರೆ ಅಪೂರ್ವವಾದೊಂದು ನೋಟ! ನೀರಿನ ತುಂಬ ಮೀನುಗಳು ಮೇಲೆದ್ದು ಬಂದು, ಮುಖವನ್ನು ಆಕಾಶಕ್ಕೆ ಎತ್ತಿ, ದುಂಡು ಬಾಯಿಗಳನ್ನು ತೆರೆದು ಮುಚ್ಚುತ್ತಿದ್ದವು. ಕಾಣುವಷ್ಟು ಕಡೆಯೂ ಬಾಯಿಗಳೇ. ಚಪ್ ಚಪ್ ಎಂಬ ಮೆಲ್ಲನೆಯ ಸದ್ದು. ನಾನು ಬೆರಗಾಗಿ, "ನೋಡೋ, ಸೂರ್ಯನಿಗೆ ಅರ್ಘ್ಯ ಕೊಡಲು ಋಷಿಗಳು ನೀರಿಗಿಳಿದಂತಿದೆ" ಎಂದು ಅಳಿಯನಿಗೆ ಹೇಳಿದೆ. ಅವನಿಗೂ ಹೆಮ್ಮೆಯಾಯಿತು. "ನಿನ್ನೆ ಮುಂಜಾನೆನೂ ಹಿಂಗs ಬಂದಿದ್ದುವ್ರಿ ಮಾಮಾ" ಎಂದನು. ಅಷ್ಟರಲ್ಲಿ ಅಕ್ಕ ಬಂದು ಉಂಡೆ ಹಾಕಿದಳು. ಒಂದು ಮೀನೂ ಮುಟ್ಟಲಿಲ್ಲ. ಉಂಡೆಗಳು ಮೆಲ್ಲಗೆ ಕರಗಿ ತಳಕ್ಕಿಳಿದವು. ಅಕ್ಕ ಬಹಳ ಹೊತ್ತು ನಿಂತು ನೋಡಿ, "ಕೂಳ ಒಲ್ಲೆ ಅಂದ ಜೀವಕ್ಕ ಜಡ್ಡ ಐತಿ ಅಂತs ತಿಳೀಬೇಕು. ಇವಕ್ಕ ಏನೋ ಆಗೈತಿ ತಮ್ಮಾ" ಎಂದಳು. ನಾನು ನಕ್ಕೆ. ಹೊತ್ತು ಏರಿದಂತೆ ಮೀನುಗಳೂ ಕೆಳಗೆ ಹೋದವು. ನಕ್ಕದ್ದು ಸರಿಯೆಂದೇ ತೋರಿತು.

ಆ ಸಂಜೆ ಗುಡುಗು ಗಾಳಿಯೊಡನೆ ಮಳೆ ಹೊಡೆಯಿತು. ಮರುದಿನ ಬೆಳಕಾದಾಗ ಹೊಂಡದ ಮೇಲೆ ಬಿಳಿಯ ಹೊಟ್ಟೆಗಳು ತೇಲುತ್ತಿದ್ದವು. ದೊಡ್ಡ ಕಾಟ್ಲಾಗಳು ಮೊದಲು ಸತ್ತಿದ್ದವು. ಎಲ್ಲದರ ಬಾಯಿಯೂ ತೆರೆದಿತ್ತು, ಕಿವಿರುಗಳು ಅರಳಿ ನಿಂತಿದ್ದವು. ಸುಮಾರು ಹನ್ನೆರಡು ಕ್ವಿಂಟಲ್ ಮೀನು. ಮಾರುವುದಕ್ಕೆ ಎರಡು ತಿಂಗಳು ಉಳಿದಿತ್ತು. ದ್ರಾಕ್ಷಿಪಡದ ಬದುವಿನಲ್ಲಿ ಕುಣಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಯಾರೋ ವೈರಿಗಳು ವಿಷ ಹಾಕಿರಬೇಕೆಂದು ಊರಿನಲ್ಲಿ ಮಾತು ಹುಟ್ಟಿತು. ಒಂದಿಬ್ಬರ ಹೆಸರೂ ಕಿವಿಯಿಂದ ಕಿವಿಗೆ ಹೋಯಿತು. ನಮ್ಮ ಮನೆಗಳಲ್ಲಿ ಎತ್ತು ಸತ್ತ ದಿನ ಮಣ್ಣು ಮಾಡುವ ತನಕ ಒಲೆ ಹೊತ್ತಿಸುವುದಿಲ್ಲ. ಅಂದು ಅಕ್ಕ ಒಲೆ ಹೊತ್ತಿಸಲಿಲ್ಲ.

ವಿಷದ ಸಂಶಯ ಪರಿಹಾರವಾಗಲೆಂದು ಅಳಿಯನನ್ನು ಕರೆದುಕೊಂಡು ನಾನು ವಿಜಯಪುರದ ಪಕ್ಕದ ಭೂತನಾಳಕ್ಕೆ ಹೋದೆ. ಅಲ್ಲಿ ಮೀನುಗಾರಿಕಾ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಯ ತರುಣ ವಿಜ್ಞಾನಿಯೊಬ್ಬರು ನಮ್ಮನ್ನು ಕೇಳಿದ್ದು ನಾಲ್ಕೇ ಪ್ರಶ್ನೆ. ಸತ್ತದ್ದು ಯಾವ ಹೊತ್ತಿನಲ್ಲಿ? ದೊಡ್ಡವು ಮೊದಲೋ ಸಣ್ಣವು ಮೊದಲೋ? ನೀರಿನ ಬಣ್ಣ ಯಾವುದು? ಹಿಂದಿನ ದಿನ ಬಿಸಿಲಿತ್ತೆ? ಉತ್ತರ ಕೇಳಿ, ಇದು ವಿಷವಲ್ಲ ಎಂದರು. ವಿಷವಾದರೆ ಸಾಮಾನ್ಯವಾಗಿ ಸಣ್ಣ ಮೀನು ಮೊದಲು ಸಾಯುತ್ತದೆ, ಹೊತ್ತು ಗೊತ್ತೆಂಬುದಿಲ್ಲ. ನಸುಕಿನಲ್ಲಿ, ಬಾಯಿ ತೆರೆದು, ದೊಡ್ಡದು ಮೊದಲು ಸತ್ತರೆ ಅದು ಉಸಿರು ಕಟ್ಟಿದ ಸಾವು. ಊರಿನಲ್ಲಿ ಹೆಸರು ಕೆಟ್ಟವರು ಆ ಒಂದು ಮಾತಿನಿಂದ ಪಾರಾದರು. ನಾನು ಮಾತ್ರ ಪಾರಾಗಲಿಲ್ಲ. ನಾನು ಅರ್ಘ್ಯವೆಂದು ಕಂಡದ್ದು ಮೊರೆಯಾಗಿತ್ತು!

ಮೀನು ಹೇಗೆ ಉಸಿರಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ. ನೀರು ಎಂಬ ವಸ್ತುವಿನಲ್ಲಿಯೇ ಆಮ್ಲಜನಕವಿದೆಯಲ್ಲ ಎಂದು ಶಾಲೆಯ ಹುಡುಗರೂ ಕೇಳುತ್ತಾರೆ. ಅದು ಜಲಜನಕದೊಡನೆ ಗಂಟು ಬಿದ್ದ ಆಮ್ಲಜನಕ, ಮೀನಿಗೆ ದಕ್ಕುವುದಿಲ್ಲ. ಸಕ್ಕರೆ ನೀರಿನಲ್ಲಿ ಕರಗುವಂತೆ ಗಾಳಿಯಿಂದ ಬಂದು ನೀರಿನಲ್ಲಿ ಕರಗಿರುವ ಆಮ್ಲಜನಕ ಮಾತ್ರ ಅದರ ಪಾಲು. ಆ ಪಾಲು ಬಹಳ ಚಿಕ್ಕದು. ಸಮುದ್ರಮಟ್ಟದಲ್ಲಿ, ಮಂಜಿನಷ್ಟು ತಣ್ಣಗಿನ ಒಂದು ಲೀಟರ್ ನೀರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತದೆ, 30 ಡಿಗ್ರಿಗೆ 7.6ಕ್ಕೆ. ನೀರು ಬಿಸಿಯಾದಷ್ಟೂ ಉಸಿರು ಕಡಿಮೆ. ಮೀನಿಗಾದರೋ ಬಿಸಿಯಾದಷ್ಟೂ ಉಸಿರಿನ ಹಸಿವು ಹೆಚ್ಚು. ನಮ್ಮ ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇನ್ನೂ ಸ್ವಲ್ಪ ಕಳೆಯಬೇಕು. ಅಂದರೆ ನಮ್ಮ ಬೇಸಗೆಯ ಲೀಟರ್ ನೀರಿಗೆ ಸುಮಾರು 7 ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಇದರ ಹತ್ತಾರು ಪಟ್ಟು ಆಮ್ಲಜನಕವಿದೆ. ಇಷ್ಟು ಬಡತನದಲ್ಲಿ ಬಾಳಬೇಕಾದ ಮೀನಿಗೆ ಪ್ರಕೃತಿ ಕಿವಿರನ್ನು ಕೊಟ್ಟಿದೆ. ಬಾಯಿಯಿಂದ ಒಳಬಂದ ನೀರು ಕಿವಿರಿನ ಎಳೆಗಳ ನಡುವೆ ಒಂದು ದಿಕ್ಕಿನಲ್ಲಿ ಹರಿದರೆ, ಎಳೆಗಳೊಳಗಿನ ರಕ್ತ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಈ ಎದುರುಬದಿರು ಹರಿವಿನಿಂದ ನೀರಿನಲ್ಲಿರುವ ಆಮ್ಲಜನಕದ ಹೆಚ್ಚಿನ ಭಾಗವನ್ನು ಅದು ಹೀರಿಕೊಳ್ಳಬಲ್ಲದು. ನಮ್ಮ ಪುಪ್ಪುಸಕ್ಕೆ ಆ ಜಾಣ್ಮೆಯಿಲ್ಲ. ಅದೇ ಕಿವಿರು ಗಾಳಿಯಲ್ಲಿ ಎಳೆಗೆ ಎಳೆ ಅಂಟಿಕೊಂಡು ನಿರುಪಯೋಗಿಯಾಗುತ್ತದೆ. ಆಮ್ಲಜನಕದ ಸಾಗರದ ನಡುವೆ ಮೀನು ಉಸಿರು ಕಟ್ಟಿ ಸಾಯುವುದು ಹೀಗೆ. ನಮ್ಮ ಹಳೆಯ ಉಪಮೆಯ ಗುಟ್ಟು ಇಷ್ಟು.

ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಸಾಕಿದ ಗೆಂಡೆಮೀನು ಉಂಡು ಬೆಳೆಯುತ್ತದೆ. 3ಕ್ಕಿಂತ ಕೆಳಗಿಳಿದರೆ ಮೇವು ಬಿಡುತ್ತದೆ, ರೋಗಕ್ಕೆ ಸಿಕ್ಕುತ್ತದೆ. 1ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಉಳಿದರೆ ಬದುಕುವುದು ಕಷ್ಟ. ಅಂಥ ಹೊತ್ತಿನಲ್ಲಿ, ಗಾಳಿಗೆ ತಾಗಿರುವ ಕೂದಲೆಳೆಯಷ್ಟು ತೆಳುವಾದ ಮೇಲ್ಪದರದಲ್ಲಿ ಮಾತ್ರ ಚೂರುಪಾರು ಉಸಿರು ಉಳಿದಿರುತ್ತದೆ. ಅದನ್ನು ಹೀರಲೆಂದೇ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ.

ಇಲ್ಲಿ ಭಾಷೆಯ ಮೇಷ್ಟ್ರಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆಮ್ಲಜನಕ ಎಂಬ ನಮ್ಮ ಶಬ್ದ ಒಂದು ಹಳೆಯ ತಪ್ಪನ್ನು ಹೊತ್ತುಕೊಂಡು ತಿರುಗುತ್ತಿದೆ. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಈ ಅನಿಲವೇ ಎಂದು ಫ್ರಾನ್ಸಿನ ಲಾವಾಸಿಯೆ ನಂಬಿ, ಗ್ರೀಕ್ ಧಾತುಗಳಿಂದ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟನು. ಅದಿಲ್ಲದ ಆಮ್ಲವೂ ಉಂಟೆಂದು 1810ರಲ್ಲಿ ಇಂಗ್ಲೆಂಡಿನ ಡೇವಿ ತೋರಿಸಿದನು. ತಪ್ಪು ತಿಳಿದ ಮೇಲೂ ಹೆಸರು ಉಳಿಯಿತು. ನಾವು ಅದನ್ನು ಅಕ್ಷರಶಃ ಕನ್ನಡಿಸಿಕೊಂಡೆವು. ಜನಸಾಮಾನ್ಯರು ಆಡುವ ಪ್ರಾಣವಾಯು ಎಂಬ ಮಾತೇ ಇಲ್ಲಿ ಹೆಚ್ಚು ಸತ್ಯವಾದುದು. ಈ ಪ್ರಾಣವಾಯು ಹಸಿರಿನಿಂದ ಬರುತ್ತದೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು 1771ರಲ್ಲಿ. ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದಿನದ ಒಂದು ಕುಡಿಯನ್ನು ಇಟ್ಟರೆ, ಕೆಲವು ದಿನಗಳ ಮೇಲೆ ಅಲ್ಲಿ ಮತ್ತೆ ಬತ್ತಿ ಉರಿಯಿತೆಂದು ಪ್ರೀಸ್ಟ್ಲಿ ಕಂಡನು. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ಚ್ ವೈದ್ಯ ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟನು. ಎಲೆಯ ಮೇಲೆ ಮುತ್ತಿನಂಥ ಗುಳ್ಳೆಗಳೆದ್ದವು. ನೆರಳಿಗೆ ತಂದರೆ ನಿಂತವು. ಬೆಳಕಿದ್ದಾಗ ಗಾಳಿಯನ್ನು ಶುದ್ಧಿ ಮಾಡುವ ಎಲೆ ಕತ್ತಲಲ್ಲಿ ಅದನ್ನು ಕೆಡಿಸುತ್ತದೆ ಎಂದು ಅವನು ಬರೆದನು. ಘೋಣಸಗಿಯ ಹೊಂಡದ ಕಥೆಯೆಲ್ಲ ಈ ಒಂದು ವಾಕ್ಯದಲ್ಲಿದೆ.

ಹೊಂಡದ ಹಸಿರು ಎಂದರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಕೋಟ್ಯಂತರ ಪಾಚಿಯ ಕಣಗಳು. ಹಗಲೆಲ್ಲ ಅವು ಬಿಸಿಲು ಕುಡಿದು ಪ್ರಾಣವಾಯುವನ್ನು ಬಿಡುತ್ತವೆ. ಇಳಿಹೊತ್ತಿನಲ್ಲಿ ಹೊಂಡ ಉಸಿರಿನಿಂದ ತುಂಬಿ ತುಳುಕುತ್ತದೆ. ಅಳತೆಗೋಲು ನೀರು ಸಹಜವಾಗಿ ಹಿಡಿಯುವುದಕ್ಕಿಂತಲೂ ಹೆಚ್ಚು ತೋರಿಸುತ್ತದೆ. ಹೊತ್ತು ಮುಳುಗಿತೋ, ಸಂಪಾದನೆ ನಿಂತಿತು, ಖರ್ಚು ನಿಲ್ಲಲಿಲ್ಲ. ಮೀನೂ ಉಸಿರಾಡುತ್ತದೆ, ಪಾಚಿಯೂ ಉಸಿರಾಡುತ್ತದೆ, ತಳದ ರಾಡಿಯಲ್ಲಿ ಉಳಿದ ಹಿಂಡಿಯನ್ನೂ ಸಗಣಿಯನ್ನೂ ಕೊಳೆಸುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ರಾತ್ರಿಯಿಡೀ ಗಂಟಿನಿಂದ ತೆಗೆದು ತಿನ್ನಬೇಕು. ಗಂಟು ಎಲ್ಲಕ್ಕಿಂತ ಬರಿದಾಗುವುದು ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ. ಕವಿಗಳು ಕೊಂಡಾಡುವ ಉಷಃಕಾಲವೇ ಹೊಂಡದ ಮೀನಿಗೆ ಅತ್ಯಂತ ದುರ್ಭರವಾದ ಹೊತ್ತು.

ಲೆಕ್ಕ ಹಾಕಿ ನೋಡಿದೆವು. 30 ಲಕ್ಷ ಲೀಟರಿನ ಹೊಂಡಕ್ಕೆ ಲೀಟರಿಗೆ 7 ಮಿಲಿಗ್ರಾಂ ಎಂದರೆ ಇಡೀ ಹೊಂಡದ ಉಸಿರಿನ ಗಂಟು 21 ಕಿಲೋ. ಹದಿನಾಲ್ಕು ಕ್ವಿಂಟಲ್ ಮೀನು ಒಂದು ರಾತ್ರಿಗೆ 5 ಕಿಲೋದಷ್ಟು ಬಳಸೀತು. ಹಾಗಾದರೆ ಉಳಿಯಬೇಕಿತ್ತಲ್ಲ ಎಂದು ಅಳಿಯ ಕೇಳಿದನು. ಇಂಥ ಹೊಂಡಗಳಲ್ಲಿ ಮೀನಿಗಿಂತ ಹೆಚ್ಚಿಗೆ ತಿನ್ನುವವರು ಬೇರೆಯವರು ಎಂದು ವಿಜ್ಞಾನಿ ಹೇಳಿದರು. ದಟ್ಟವಾದ ಪಾಚಿ ಮತ್ತು ಕೊಳೆಯುವ ಮೇವು, ಇವೆರಡೂ ಮೀನಿನ ಪಾಲನ್ನು ಕಬಳಿಸುತ್ತವೆ. ನಾವು ಪ್ರೀತಿಯಿಂದ ಹೆಚ್ಚಿಗೆ ಹಾಕಿದ ಒಂದೊಂದು ಉಂಡೆಯೂ ತಳಕ್ಕೆ ಹೋಗಿ, ಹಾಕಿಸಿಕೊಂಡವರ ಉಸಿರನ್ನೇ ಉಂಡಿತ್ತು. ಅದರ ಮೇಲೆ ಎರಡು ದಿನ ಮೋಡ. ಗಂಟು ತುಂಬಲೇ ಇಲ್ಲ. ಒಡ್ಡು ಎತ್ತರ, ಹೊಂಡ ಆಳ. ಗಾಳಿ ನೀರನ್ನು ಕಲಕಿರಲಿಲ್ಲ. ಮೇಲಿನ ನೀರು ಬಿಸಿ, ತಳದ ನೀರು ತಂಪು. ಎಣ್ಣೆಯೂ ನೀರೂ ಇದ್ದಂತೆ ಬೇರೆಬೇರೆಯಾಗಿ ನಿಂತಿದ್ದವು. ತಳದ ಪದರದಲ್ಲಿ ಉಸಿರು ಎಂದೋ ತೀರಿಹೋಗಿತ್ತು. ಸಂಜೆಯ ಮಳೆಗಾಳಿ ಬಂದು ತಣ್ಣನೆಯ ನೀರನ್ನು ಮೇಲೆ ಸುರಿದು, ಇಡೀ ಹೊಂಡವನ್ನು ಬುಡಮೇಲು ಮಾಡಿ ಕಲಸಿಬಿಟ್ಟಿತು. ಮೇಲಿದ್ದ ಅಲ್ಪಸ್ವಲ್ಪವೂ ತಳದ ಬಡತನದಲ್ಲಿ ಹಂಚಿ ಹೋಯಿತು. ನಾವು ಕೈಮುಗಿದು ಕಾದ ಮಿರಗದ ಮಳೆಯೇ ಮೀನಿನ ಪಾಲಿಗೆ ಮೃತ್ಯುವಾಯಿತು.

ಕೇಳುಗರೆ, ಪರಿಹಾರವೇನೆಂದು ನೀವು ಕೇಳುವಿರಿ. ಅದು ಅಸಾಧ್ಯವಾದುದೇನೂ ಅಲ್ಲ. ಮೊದಲನೆಯದು, ಮಿತಿ. ಗಾಳಿ ಊಡುವ ಯಂತ್ರವಿಲ್ಲದ ನೀರಿನಲ್ಲಿ ಒಂದು ಚದರ ಮೀಟರಿಗೆ ಒಂದು ಮರಿಗಿಂತ ಹೆಚ್ಚು ಬಿಡಬಾರದು. ಅಕ್ಕನ ಮನೆಯ ಹೊಂಡಕ್ಕೆ 900 ಸಾಕಾಗಿತ್ತು, ಬಿಟ್ಟದ್ದು 3000. ಎರಡನೆಯದು, ನೀರಿನ ಹಸಿರನ್ನು ಅಳೆಯುವುದು. 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ, ಖಗೋಳಶಾಸ್ತ್ರಜ್ಞ, ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಬಿಳಿಯ ಬಿಲ್ಲೆಯನ್ನು ಹಗ್ಗದಿಂದ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಿ ನೀರಿನ ತಿಳಿಯನ್ನು ಅಳೆದನು. ಅಳಿಯ ಒಂದು ಹಳೆಯ ಊಟದ ತಾಟಿಗೆ ಕಪ್ಪು ಬಿಳುಪು ಬಣ್ಣ ಬಳಿದು ಅದೇ ಉಪಕರಣವನ್ನು ಮಾಡಿಕೊಂಡಿದ್ದಾನೆ. ತಾಟು 30ರಿಂದ 40 ಸೆಂಟಿಮೀಟರ್ ಆಳದವರೆಗೆ ಕಂಡರೆ ಹಸಿರು ಹದವಾಗಿದೆ. ಅದಕ್ಕಿಂತ ಮೊದಲೇ ಮಾಯವಾದರೆ ಸಗಣಿಯನ್ನೂ ಮೇವನ್ನೂ ನಿಲ್ಲಿಸಬೇಕು. ತಾಟೂ ಬೇಡವೆಂದರೆ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿ, ಅಂಗೈ ಕಾಣುತ್ತದೆಯೇ ನೋಡಿದರೂ ಸರಿಯೆ. ಮೂರನೆಯದು, ಮೋಡ ಕವಿದ ದಿನ ಮೀನಿಗೆ ಉಪವಾಸ. ಅಂದು ಹಾಕಿದ ಮೇವು ಪುಣ್ಯವಲ್ಲ.

ನಾಲ್ಕನೆಯದು ನೀರಿಗೆ ಗಾಳಿಯನ್ನು ಕೂಡಿಸುವ ಕೆಲಸ. ಅದರ ತತ್ವ ಒಂದೇ: ನೀರು ಒಡೆಯಬೇಕು. ಒಡೆದು ಹನಿಯಾದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚುತ್ತದೆ. ಹಲಗೆಗಳುಳ್ಳ ಗಾಲಿ ತಿರುಗಿ ನೀರನ್ನು ಚಿಮ್ಮುವ ಪ್ಯಾಡಲ್ ವ್ಹೀಲ್ ಏರಿಯೇಟರ್ ಎಂಬ ಯಂತ್ರ ಈಗ ಎಲ್ಲ ಕಡೆಯೂ ಸಿಗುತ್ತದೆ. ಒಂದು ಎಚ್.ಪಿ. ಯಂತ್ರ ಒಳ್ಳೆಯ ಸ್ಥಿತಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಪ್ರಾಣವಾಯುವನ್ನು ನೀರಿಗೆ ಕೂಡಿಸೀತು. ಅದಿಲ್ಲದವರು ಹೊಂಡದ ನೀರನ್ನೇ ಪಂಪಿನಿಂದ ಎತ್ತಿ, ತೂತು ಕೊರೆದ ಪೈಪಿನ ಮೂಲಕ ಮಳೆಯಂತೆ ಮತ್ತೆ ಹೊಂಡಕ್ಕೆ ಸುರಿಯಬಹುದು. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಕೊಳವೆಬಾವಿಯ ಹೊಸ ನೀರು ಬಿಟ್ಟರೆ ಮೀನಿಗೆ ಉಸಿರು ಬರುತ್ತದೆ ಎಂಬುದು ಒಂದು. ನೆಲದಾಳದ ನೀರು ಗಾಳಿಯನ್ನು ಕಾಣದ ನೀರು. ಅದರಲ್ಲಿ ಪ್ರಾಣವಾಯು ಬಹಳ ಕಡಿಮೆ. ಅದನ್ನೂ ಎತ್ತರದಿಂದ ಚೆಲ್ಲಿ ಒಡೆದೇ ಬಿಡಬೇಕು. ಯಂತ್ರವನ್ನು ಹಗಲು ಓಡಿಸಿ ರಾತ್ರಿ ಆರಿಸುವುದು ಇನ್ನೊಂದು. ಬಿಸಿಲಿನ ಮಧ್ಯಾಹ್ನ ಅರ್ಧ ಗಂಟೆ ತಿರುಗಿಸಿ ಮೇಲಿನ ನೀರನ್ನೂ ತಳದ ನೀರನ್ನೂ ಬೆರೆಸುವುದು ಒಳ್ಳೆಯದೇ. ಆದರೆ ಉಸಿರು ತುಂಬಿ ತುಳುಕುವ ನೀರನ್ನು ಹಗಲೆಲ್ಲ ಚಿಮ್ಮಿದರೆ ಹೆಚ್ಚಿನದು ಗಾಳಿಗೆ ಹಾರಿಹೋಗುತ್ತದೆ. ಅಗತ್ಯವಿರುವುದು ನಡುರಾತ್ರಿಯಿಂದ ಹೊತ್ತು ಏರುವ ತನಕ. ಕಷ್ಟವೆಂದರೆ, ಹಳ್ಳಿಯ ತ್ರೀ ಫೇಸ್ ಕರೆಂಟಿನ ಸಮಯಕ್ಕೂ ಮೀನಿನ ಸಂಕಟದ ಸಮಯಕ್ಕೂ ಹೊಂದಾಣಿಕೆಯಿಲ್ಲ. ಅಳಿಯ ಸಿಂಗಲ್ ಫೇಸಿನಲ್ಲಿ ಓಡುವ ಚಿಕ್ಕ ಯಂತ್ರವನ್ನು ತಂದು, ಅದೂ ಇಲ್ಲದ ರಾತ್ರಿಗೆಂದು ಹಳೆಯ ಡೀಸೆಲ್ ಎಂಜಿನ್ನನ್ನು ದುರಸ್ತಿ ಮಾಡಿ ಇಟ್ಟುಕೊಂಡನು.

ಇದು ಮೀನು ಸಾಕುವವರ ಮಾತಾಯಿತು, ನಮಗೇನು ಎಂದು ಪಟ್ಟಣದ ಕೇಳುಗರು ಎನ್ನಬಾರದು. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ನಾವು ಹರಿಯಬಿಟ್ಟ ಕೊಳಚೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳು ನೀರಿನ ಉಸಿರನ್ನು ಬಳಸುತ್ತವೆ. ಹಿಂಡಿಯ ಉಂಡೆಗೂ ಊರಿನ ಕೊಳಚೆಗೂ ಈ ವಿಷಯದಲ್ಲಿ ಭೇದವಿಲ್ಲ. ವಿಜಯಪುರದ ಆದಿಲ್‌ಶಾಹಿ ಅರಸರು ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. 1620ರ ಸುಮಾರಿಗೆ ತಾಜ್ ಬಾವಡಿ ಕಟ್ಟಿಸಿದರು. 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಊರಿಗೆ ಹರಿಸಿದರು. ದಾರಿಯಲ್ಲಿ ನೀರಿನ ಒತ್ತಡ ಇಳಿಯಲೆಂದು, ಮಣ್ಣು ತಳಕ್ಕೆ ಕೂರಲೆಂದು ಅವರು ನಿಲ್ಲಿಸಿದ ಗಂಜ್ ಎಂಬ ಗೋಪುರಗಳು ಇಂದಿಗೂ ಊರಲ್ಲಿ ನಿಂತಿವೆ. ನೀರನ್ನು ತರುವವನಿಗೆ ಅದನ್ನು ನಡೆಸಿಕೊಳ್ಳುವ ಹೊಣೆಯೂ ಉಂಟೆಂಬುದನ್ನು ಅವರು ಅರಿತಿದ್ದರು. ಅದಕ್ಕೂ ಹಿಂದೆ ಈ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಪ್ರಕರಣವೇ ಇದೆ. ಯಾವ ಮೀನಿಗೆ ಯಾವ ಮೇವು ಎಂಬುದನ್ನು ಆ ದೊರೆ ವಿಸ್ತಾರವಾಗಿ ಹೇಳಿದ್ದಾನೆ. ಮೀನನ್ನು ನೋಡಿ ತಿಳಿಯುವುದು ಈ ನೆಲಕ್ಕೆ ಹೊಸದಲ್ಲ.

ನನ್ನನ್ನು ಕಾಡಿದ್ದು ಬೇರೊಂದು ಮಾತು. ಹೊಳೆಯ ಮೀನಿಗೆ ಉಸಿರು ಕಡಿಮೆಯಾದರೆ ಅದು ಮಡುವನ್ನು ಬಿಟ್ಟು ಹರಿವಿಗೆ ಹೋಗುತ್ತದೆ, ಈ ದಂಡೆ ಬಿಟ್ಟು ಆ ದಂಡೆಗೆ ಹೋಗುತ್ತದೆ. ಹೊಂಡದ ಮೀನಿಗೆ ನಾವು ಆ ದಾರಿಯನ್ನು ಮುಚ್ಚಿದ್ದೇವೆ. ದಾರಿ ಮುಚ್ಚಿದವನ ಮೇಲೆ ಉಸಿರಿನ ಋಣ ಬೀಳುತ್ತದೆ. ಮೇವು ಹಾಕಿದೆ, ನೀರು ತುಂಬಿಸಿದೆ ಎಂದರೆ ಆ ಋಣ ತೀರುವುದಿಲ್ಲ. ಕಣ್ಣಿಗೆ ಕಾಣುವುದನ್ನು ಕೊಟ್ಟು ಕಾಣದಿರುವುದನ್ನು ಮರೆತರೆ ಸಾಕಿದಂತಾಗುವುದಿಲ್ಲ. ಮಕ್ಕಳನ್ನು ಓದಿಸುವ ಕಸಬಿನಲ್ಲಿದ್ದ ನನಗೆ ಇದು ಹೊಂಡದ ಮಾತು ಮಾತ್ರವೆಂದು ತೋರಲಿಲ್ಲ. ಎಷ್ಟೋ ತರಗತಿಗಳಲ್ಲಿ ಹಿಂದಿನ ಬೆಂಚಿನಿಂದ ಮುಖವೆತ್ತಿ ನೋಡಿದ ಹುಡುಗರನ್ನು ನಾನು ಪಾಠಕ್ಕೆ ಮೆಚ್ಚಿದವರೆಂದು ತಿಳಿದಿರಬಹುದು.

ಅಕ್ಕ ನನ್ನಂತೆ ತಿಳಿಯಲಿಲ್ಲ. ಅವಳಿಗೆ ಅಲಂಕಾರಶಾಸ್ತ್ರ ಗೊತ್ತಿಲ್ಲ, ರಸಾಯನಶಾಸ್ತ್ರವೂ ಗೊತ್ತಿಲ್ಲ. ಐವತ್ತು ವರ್ಷ ದನದ ಬಾಯಿ ನೋಡಿದವಳು ಮೀನಿನ ಬಾಯನ್ನೂ ನೋಡಿದಳು. ಮೇವು ಬಿಟ್ಟಿವೆ ಎಂಬ ಒಂದೇ ಸಂಗತಿಯನ್ನು ಹಿಡಿದು, ಏನೋ ಆಗಿದೆ ಎಂದಳು. ಅವಳ ಮಾತನ್ನು ಕೇಳಿ ಆ ಹೊತ್ತಿಗೇ ಪಂಪು ಹಚ್ಚಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿದ್ದವೆಂದು ಭೂತನಾಳದ ವಿಜ್ಞಾನಿ ಹೇಳಿದಾಗ, ನಾನು ತಲೆ ಎತ್ತಲಿಲ್ಲ.

ಮರುವರ್ಷ ಅಳಿಯ ಮತ್ತೆ ಮೀನು ಬಿಟ್ಟನು. ಈ ಸಲ 800. ಆ ಮಿರಗಕ್ಕೂ ನಾನು ಘೋಣಸಗಿಗೆ ಹೋದೆ. ಮೋಡ ಕವಿದ ರಾತ್ರಿ, ಹೊಲದ ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿದ್ದೆವು. ದೂರದಲ್ಲಿ ಗಾಲಿ ಒಂದೇ ಸಮನೆ ನೀರು ಬಡಿಯುತ್ತಿತ್ತು. ಆ ಸದ್ದಿಗೆ ನನಗೆ ನಿದ್ದೆ ಹತ್ತಲಿಲ್ಲ. ಅಕ್ಕ ಗಾಢವಾಗಿ ಮಲಗಿದ್ದಳು. ನಡುರಾತ್ರಿ ದಾಟಿದ ಮೇಲೆ ಕರೆಂಟು ಹೋಯಿತು, ಸದ್ದು ನಿಂತಿತು. ನನಗೆ ಕಣ್ಣು ಹತ್ತಿದ್ದು ಆಗಲೇ. ಅದೇ ಗಳಿಗೆಯಲ್ಲಿ ಅಕ್ಕ ಎದ್ದು ಕುಳಿತು, "ಗಾಲಿ ನಿಂತs ಏನೋ, ಏಳs" ಎಂದು ಮಗನನ್ನು ಅಲುಗಿಸಿದಳು. ಅವನು ಕಂದೀಲು ಹಿಡಿದು ಹೋಗಿ ಎಂಜಿನ್ನಿಗೆ ಹಗ್ಗ ಸುತ್ತಿ ಎಳೆದನು. ಮತ್ತೆ ನೀರು ಒಡೆಯುವ ಸದ್ದು ಕೇಳಿದ ಮೇಲೆಯೇ ಅಕ್ಕ ತಲೆ ಕೆಳಗೆ ಹಾಕಿದಳು.

ಬೆಳಗಾದಾಗ ಹೊಂಡಕ್ಕೆ ಹೋದೆ. ಮೀನುಗಳು ಮೇಲೆ ಬಂದಿರಲಿಲ್ಲ. ನೀರು ಬರಿದಾಗಿ ಕಂಡಿತು. ಅಂಗಿಯ ತೋಳು ಮಡಿಚಿ ಮೊಣಕೈವರೆಗೆ ಕೈ ಇಳಿಸಿದೆ. ಮಂದವಾದ ಹಸಿರಿನ ಕೆಳಗೆ ನನ್ನ ಅಂಗೈ ಕಾಣುತ್ತಿತ್ತು. ಈ ಸಲ ಉಪಮೆಯನ್ನು ಹುಡುಕಲಿಲ್ಲ. ಅಕ್ಕ ಮೇವಿನ ಬುಟ್ಟಿ ತಂದಿದ್ದಳು. "ಮೋಡ ಐತಿ, ಇವತ್ತ ಬ್ಯಾಡ" ಎಂದು ನಾನೇ ಹೇಳಿದೆ. ಅವಳು ಆಕಾಶವನ್ನು ನೋಡಿ, ನೀರನ್ನು ನೋಡಿ, ಬುಟ್ಟಿ ಎತ್ತಿಕೊಂಡು ಹಿಂದಿರುಗಿದಳು.